ಕಂಪ್ಯೂಟರ್ ಎಳೆದ ಹೃದಯದ ಗೆರೆ: 0.95 ಅಂಕ ಬಂದರೂ ವೈದ್ಯರು ತಿದ್ದುವುದೇಕೆ?

ಸ್ಕ್ಯಾನ್ ಚಿತ್ರದಲ್ಲಿ ಹೃದಯದ ಗಡಿಗೆರೆ ಎಳೆಯುವುದರಲ್ಲಿ ಕಂಪ್ಯೂಟರ್ ಈಗ ತಜ್ಞರಿಗೆ ಸರಿಸಮ ಎಂಬ ಸುದ್ದಿ ಕೆಲವು ವರ್ಷಗಳಿಂದ ಬರುತ್ತಲೇ ಇದೆ. ಅದರ ಬೆನ್ನಿಗೇ ಬೇರೆ ಬಗೆಯ ಸುದ್ದಿಗಳೂ ಬರುತ್ತವೆ. ಒಂದು ಕಂಪನಿಯ ಯಂತ್ರದ ಚಿತ್ರಗಳಲ್ಲಿ ಚೆನ್ನಾಗಿ ನಡೆದ ತಂತ್ರಾಂಶ ಇನ್ನೊಂದರ ಚಿತ್ರಗಳಲ್ಲಿ ಎಡವಿತು, ಕೆಲವು ಜನಸಮುದಾಯಗಳ ಹೃದಯದ ವಿಚಾರದಲ್ಲಿ ಅದರ ನಿಖರತೆ ಕಡಿಮೆ, ವೈದ್ಯರು ಈಗಲೂ ಗೆರೆಗಳನ್ನು ಕೈಯಾರೆ ತಿದ್ದುತ್ತಾರೆ, ಹೀಗೆ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಎರಡೂ ನಿಜ. ಮೊದಲ ಬಗೆಯ ಸುದ್ದಿ ಅಳೆಯುವುದು ಕಂಪ್ಯೂಟರ್ ಬಣ್ಣ ಹಚ್ಚಿದ ಜಾಗ ತಜ್ಞರು ಬಣ್ಣ ಹಚ್ಚಿದ ಜಾಗದೊಂದಿಗೆ ಸರಾಸರಿ ಎಷ್ಟು ಹೊಂದುತ್ತದೆ ಎಂಬುದನ್ನು. ವೈದ್ಯರ ಚಿಂತೆ ಬೇರೆ: ಎದುರಿಗಿರುವ ಒಬ್ಬ ರೋಗಿಯ ಚಿತ್ರದಲ್ಲಿ ಗೆರೆ ಎಲ್ಲಿ ತಪ್ಪಿದೆ, ಆ ತಪ್ಪಿನಿಂದ ಯಾವ ಅಂಕಿ ಎಷ್ಟು ಜರುಗುತ್ತದೆ, ಆ ಅಂಕಿಯ ಮೇಲೆ ಯಾವ ಚಿಕಿತ್ಸೆ ನಿಂತಿದೆ. ಸರಾಸರಿ ಅಂಕ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಏಕೆಂದು ತಿಳಿಯಲು ಗೆರೆ ಎಳೆಯುವ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ಗೆರೆಯಿಂದ ಅಂಕಿ ಹುಟ್ಟುವ ಬಗೆ

ಹೃದಯದ ಎಂಆರ್‌ಐ ಪರೀಕ್ಷೆಯಲ್ಲಿ ಹೃದಯವನ್ನು ಬುಡದಿಂದ ತುದಿಯವರೆಗೆ ಅಡ್ಡಡ್ಡಲಾಗಿ ಸುಮಾರು 8ರಿಂದ 12 ಸ್ಲೈಸ್‌ಗಳಲ್ಲಿ ಚಿತ್ರಿಸುತ್ತಾರೆ. ಒಂದೊಂದು ಸ್ಲೈಸ್‌ನಲ್ಲೂ ಒಂದು ಬಡಿತದ 20ರಿಂದ 30 ಹಂತಗಳು ಚಲನಚಿತ್ರದಂತೆ ಸಿಗುತ್ತವೆ. 10 ಸ್ಲೈಸ್, 25 ಹಂತ ಎಂದಿಟ್ಟುಕೊಂಡರೆ ಒಬ್ಬ ರೋಗಿಗೆ 250 ಚಿತ್ರ.

ಎಡ ಹೃತ್ಕುಕ್ಷಿಯ, ಅಂದರೆ ರಕ್ತವನ್ನು ಹೊರತಳ್ಳುವ ಕೆಳಗಿನ ಎಡ ಕೋಣೆಯ, ಒಳಗೋಡೆಯ ಸುತ್ತ ಗೆರೆ ಎಳೆದರೆ ಆ ಸ್ಲೈಸ್‌ನಲ್ಲಿ ರಕ್ತ ತುಂಬಿದ ಜಾಗದ ವಿಸ್ತೀರ್ಣ ಸಿಗುತ್ತದೆ. ಅದನ್ನು ಸ್ಲೈಸ್‌ಗಳ ನಡುವಿನ ದೂರದಿಂದ ಗುಣಿಸಿ, ಎಲ್ಲ ಸ್ಲೈಸ್‌ಗಳನ್ನೂ ಕೂಡಿಸಿದರೆ ಕುಕ್ಷಿಯ ಗಾತ್ರ ಬರುತ್ತದೆ. ಸ್ಲೈಸ್ 8 ಮಿ.ಮೀ. ದಪ್ಪವಿದ್ದು ನಡುವೆ 2 ಮಿ.ಮೀ. ತೆರಪಿದ್ದರೆ ಗುಣಿಸುವ ದೂರ 10 ಮಿ.ಮೀ. ಹೊರಗೋಡೆಗೂ ಗೆರೆ ಎಳೆದರೆ ಎರಡು ಗೆರೆಗಳ ನಡುವೆ ಉಳಿಯುವುದು ಹೃದಯದ ಸ್ನಾಯು. ಅದರ ಗಾತ್ರವನ್ನು ಸಾಂದ್ರತೆಯಿಂದ, ಅಂದರೆ ಮಿ.ಲೀ.ಗೆ 1.05 ಗ್ರಾಂ ಲೆಕ್ಕದಲ್ಲಿ, ಗುಣಿಸಿದರೆ ಸ್ನಾಯುವಿನ ತೂಕ.

ಹೃದಯ ಪೂರ್ತಿ ಹಿಗ್ಗಿದ ಹಂತದಲ್ಲಿ ಒಮ್ಮೆ, ಪೂರ್ತಿ ಕುಗ್ಗಿದ ಹಂತದಲ್ಲಿ ಇನ್ನೊಮ್ಮೆ ಈ ಲೆಕ್ಕ ಮಾಡಬೇಕು. ಹಿಗ್ಗಿದಾಗ 150 ಮಿ.ಲೀ., ಕುಗ್ಗಿದಾಗ 60 ಮಿ.ಲೀ. ಎಂದುಕೊಳ್ಳೋಣ. ಒಂದು ಬಡಿತಕ್ಕೆ ಹೊರಹೋದದ್ದು 90 ಮಿ.ಲೀ., ಅಂದರೆ 150ರಲ್ಲಿ ಶೇ 60. ಇದೇ ಇಜೆಕ್ಷನ್ ಫ್ರಾಕ್ಷನ್, ಆಸ್ಪತ್ರೆಯ ರೂಢಿಯ ಮಾತಿನಲ್ಲಿ ಇಎಫ್.

ಈ ಒಂದು ಅಂಕಿಯ ಮೇಲೆ ಬಹಳಷ್ಟು ನಿಂತಿದೆ. ಹೃದಯ ವೈಫಲ್ಯದ ರೋಗಿಗಳನ್ನು ಶೇ 40ರವರೆಗೆ, ಶೇ 41ರಿಂದ 49, ಶೇ 50 ಮತ್ತು ಮೇಲೆ ಎಂದು ಮೂರು ಗುಂಪು ಮಾಡುತ್ತಾರೆ, ಔಷಧ ಅದರಂತೆ ಬದಲಾಗುತ್ತದೆ. ಇಎಫ್ ಶೇ 35 ಅಥವಾ ಅದಕ್ಕಿಂತ ಕೆಳಗಿದ್ದರೆ ಅಪಾಯಕಾರಿಯಾಗಿ ತಪ್ಪಿದ ಬಡಿತವನ್ನು ವಿದ್ಯುತ್ ಆಘಾತದಿಂದ ಸರಿಪಡಿಸುವ ಡಿಫಿಬ್ರಿಲೇಟರನ್ನು ಎದೆಯೊಳಗೆ ಅಳವಡಿಸುವ ಮಾತು ಬರುತ್ತದೆ. ಕೆಲವು ಕ್ಯಾನ್ಸರ್ ಔಷಧಗಳನ್ನು ಪಡೆಯುವವರಲ್ಲಿ ಇಎಫ್ ಹತ್ತು ಅಂಶದಷ್ಟು ಕುಸಿದು ಶೇ 50ಕ್ಕಿಂತ ಕೆಳಗಿಳಿದರೆ ಔಷಧ ನಿಲ್ಲಿಸುವುದೋ ಮುಂದುವರಿಸುವುದೋ ಎಂದು ವೈದ್ಯರು ಯೋಚಿಸಬೇಕಾಗುತ್ತದೆ.

ಕೈಗೆಲಸದ ಮಿತಿ

ಅನುಭವವಿರುವ ವೈದ್ಯರಿಗೆ ಎರಡು ಹಂತಗಳಲ್ಲಿ, ಎರಡು ಕುಕ್ಷಿಗಳಿಗೂ ಗೆರೆ ಎಳೆಯಲು ಸುಮಾರು 20 ನಿಮಿಷ ಬೇಕು. ಒಬ್ಬ ರೋಗಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಂತೆ ಒಂದು ಲಕ್ಷ ಜನರನ್ನು ಸ್ಕ್ಯಾನ್ ಮಾಡಲು ಹೊರಟ ಯೋಜನೆಗೆ ಅದು 33,000 ಗಂಟೆಗೂ ಮೀರಿದ ಕೆಲಸ. ವರ್ಷಕ್ಕೆ 2,000 ಗಂಟೆ ದುಡಿಯುವ ಒಬ್ಬರು ಬೇರೇನನ್ನೂ ಮಾಡದೆ 16 ವರ್ಷಕ್ಕಿಂತ ಹೆಚ್ಚು ಕಾಲ ಬರೀ ಗೆರೆ ಎಳೆಯಬೇಕು. ಇಂಥ ಕಡೆ ಕಂಪ್ಯೂಟರ್ ಇಲ್ಲದೆ ಸಂಶೋಧನೆಯೇ ಸಾಗದು.

ವೇಗಕ್ಕಿಂತ ತೊಡಕಿನದು ಒಮ್ಮತದ ಪ್ರಶ್ನೆ. ಇಬ್ಬರು ತಜ್ಞರ ಗೆರೆಗಳು ಒಂದೇ ಆಗಿರುವುದಿಲ್ಲ. ಒಬ್ಬರೇ ಒಂದು ತಿಂಗಳ ನಂತರ ಮತ್ತೆ ಎಳೆದರೂ ಬೇರೆಯಾಗುತ್ತದೆ. ಅದರಲ್ಲಿ ಒಂದಿಷ್ಟು ಕೈಯ ಅಲುಗಾಟ. ಉಳಿದದ್ದು ಪದ್ಧತಿಯ ವ್ಯತ್ಯಾಸ. ಕುಕ್ಷಿಯೊಳಗೆ ಚಾಚಿಕೊಂಡಿರುವ ಪ್ಯಾಪಿಲರಿ ಸ್ನಾಯುಗಳನ್ನು ರಕ್ತದ ಜಾಗದಲ್ಲಿ ಸೇರಿಸಬೇಕೋ ಗೋಡೆಯ ಸ್ನಾಯುವಿನಲ್ಲೋ? ಎರಡೂ ಚಾಲ್ತಿಯಲ್ಲಿವೆ. ರಕ್ತದ ಜಾಗದಿಂದ ಅವನ್ನು ಕಳೆದರೆ ಗಾತ್ರ ಕಡಿಮೆ, ತೂಕ ಹೆಚ್ಚು. ಕುಗ್ಗಿದ ಹಂತದಲ್ಲಿ ಕುಕ್ಷಿ ಚಿಕ್ಕದಾಗಿರುವುದರಿಂದ ಆ ಸ್ನಾಯುಗಳ ಪಾಲು ಅಲ್ಲಿ ದೊಡ್ಡದು. ಹಾಗಾಗಿ ಕಳೆದಾಗ ಇಎಫ್ ಕೊಂಚ ಏರುತ್ತದೆ. ಒಂದೇ ಹೃದಯ, ಎರಡು ಪದ್ಧತಿ, ಎರಡು ಉತ್ತರ.

ಹೀಗಿರುವಾಗ ‘ತಜ್ಞರಿಗೆ ಸರಿಸಮ’ ಎನ್ನುವುದರ ಅರ್ಥ ಇಷ್ಟೇ: ಕಂಪ್ಯೂಟರ್‌ಗೂ ಆ ತಜ್ಞರಿಗೂ ಇರುವ ಅಂತರ, ಇಬ್ಬರು ತಜ್ಞರ ನಡುವೆ ಇರುವ ಅಂತರದಷ್ಟೇ. ಕಲಿತದ್ದು ಯಾರ ಗೆರೆಗಳಿಂದಲೋ ಅವರ ಪದ್ಧತಿಯೇ ಕಂಪ್ಯೂಟರ್‌ಗೂ ಬರುತ್ತದೆ.

ಹಳೆಯ ದಾರಿಗಳು ಎಲ್ಲಿ ನಿಂತವು

ಎಂಆರ್‌ಐನ ಚಲನಚಿತ್ರದಲ್ಲಿ ರಕ್ತ ಬೆಳ್ಳಗೆ, ಸ್ನಾಯು ಕಡು ಬೂದಾಗಿ ಕಾಣುತ್ತದೆ. ಹಾಗಾದರೆ ಇಂತಿಷ್ಟು ಹೊಳಪಿಗಿಂತ ಮೇಲಿನದೆಲ್ಲ ರಕ್ತ ಎಂದರೆ ಸಾಲದೆ? ಒಳಗೋಡೆಗೆ ಇದು ಅರ್ಧಂಬರ್ಧ ನಡೆಯುತ್ತದೆ. ಹೊರಗೋಡೆಯಲ್ಲಿ ನಡೆಯದು. ಅಲ್ಲಿ ಸ್ನಾಯುವಿನ ಪಕ್ಕಕ್ಕೆ ಒಂದೆಡೆ ಕಪ್ಪು ಶ್ವಾಸಕೋಶ, ಒಂದೆಡೆ ಬೆಳ್ಳನೆಯ ಕೊಬ್ಬು, ಕೆಳಗೆ ಸ್ನಾಯುವಿನಂತೆಯೇ ಬೂದಾಗಿ ಕಾಣುವ ಯಕೃತ್ತು. ಅಂಚೇ ಕಾಣದ ಕಡೆ ಹೊಳಪಿನ ಲೆಕ್ಕ ಏನು ಮಾಡೀತು?

1988ರಲ್ಲಿ ಕಾಸ್, ವಿಟ್ಕಿನ್ ಮತ್ತು ಟೆರ್ಜೊಪೌಲೊಸ್ ಪ್ರಕಟಿಸಿದ, ‘ಸ್ನೇಕ್ಸ್’ ಎಂಬ ಹೆಸರಿನಿಂದ ಜನಪ್ರಿಯವಾದ ವಿಧಾನದಲ್ಲಿ ಗೆರೆಯೇ ಒಂದು ಹಿಗ್ಗುವ ದಾರದಂತೆ ವರ್ತಿಸುತ್ತದೆ. ಚಿತ್ರದ ಅಂಚುಗಳು ಅದನ್ನು ತಮ್ಮತ್ತ ಸೆಳೆಯುತ್ತವೆ, ಅದರದೇ ಬಿಗಿತ ನುಣುಪಾಗಿರುವಂತೆ ಹಿಡಿದಿಡುತ್ತದೆ. ಆರಂಭದ ಗೆರೆ ಸರಿಯಾದ ಜಾಗದ ಹತ್ತಿರ ಇದ್ದರೆ ಫಲಿತಾಂಶ ಚೆನ್ನ. ಇಲ್ಲವಾದರೆ ಅದು ಪ್ಯಾಪಿಲರಿ ಸ್ನಾಯುವಿನ ಅಂಚಿಗೆ ಸಿಕ್ಕಿಕೊಂಡು ನಿಲ್ಲುತ್ತದೆ ಅಥವಾ ಅಂಚು ಮಸುಕಾದ ಕಡೆ ಹೊರಕ್ಕೆ ಸೋರಿಹೋಗುತ್ತದೆ.

1990ರ ದಶಕದಲ್ಲಿ ಕೂಟ್ಸ್ ಮತ್ತು ಟೇಲರ್ ಬೆಳೆಸಿದ ಆಕಾರ ಮಾದರಿಗಳು ಸೋರಿಕೆಗೆ ಮದ್ದು ಕಂಡುಹಿಡಿದವು. ಹತ್ತಾರು ಹೃದಯಗಳ ಗೆರೆಗಳಿಂದ ಸರಾಸರಿ ಆಕಾರವನ್ನೂ ಅದು ಯಾವ ಯಾವ ದಿಕ್ಕಿನಲ್ಲಿ ಬದಲಾಗುತ್ತದೆ ಎಂಬುದನ್ನೂ ಲೆಕ್ಕಹಾಕಿ, ಹೊಸ ಗೆರೆ ಆ ಮಿತಿಯನ್ನು ದಾಟದಂತೆ ತಡೆಯುವುದು ಇದರ ಉಪಾಯ. ಚಿತ್ರ ಮಸುಕಾದರೂ ಹೃದಯದಂಥ ಆಕಾರವೇ ಬರುತ್ತದೆ. ತೊಂದರೆಯೂ ಅಲ್ಲೇ ಇದೆ. ಹೃದಯಾಘಾತದಿಂದ ಒಂದು ಕಡೆ ಬಲೂನಿನಂತೆ ಉಬ್ಬಿದ ಕುಕ್ಷಿಯನ್ನೂ ಅದು ಸರಾಸರಿಯತ್ತ ಎಳೆದು ಸರಿಯಾದ ಆಕಾರದಲ್ಲಿ ತೋರಿಸಿಬಿಡುತ್ತದೆ. ಕಾಯಿಲೆಯೇ ಮರೆಯಾಗುತ್ತದೆ.

ಯು-ನೆಟ್ ಮಾಡಿದ್ದೇನು, ಮಾಡದ್ದೇನು

2015ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ರೊನ್ನೆಬರ್ಗರ್, ಫಿಷರ್ ಮತ್ತು ಬ್ರಾಕ್ಸ್ ಪ್ರಕಟಿಸಿದ, ಯು-ನೆಟ್ ಎಂಬ ಕೃತಕ ನರಜಾಲ (ಉದಾಹರಣೆಗಳನ್ನು ನೋಡಿ ಕಲಿಯುವ ತಂತ್ರಾಂಶ) ಹುಟ್ಟಿದ್ದು ಸೂಕ್ಷ್ಮದರ್ಶಕದ ಚಿತ್ರಗಳಿಗಾಗಿ. ಅದು ಗೆರೆ ಎಳೆಯುವುದೇ ಇಲ್ಲ. ಚಿತ್ರದ ಪ್ರತಿ ಪಿಕ್ಸೆಲ್‌ಗೂ ಒಂದು ಹೆಸರು ಕೊಡುತ್ತದೆ. ಹೃದಯದ ಎಂಆರ್‌ಐನಲ್ಲಿ ಸಾಮಾನ್ಯವಾಗಿ ನಾಲ್ಕು ಹೆಸರು: ಎಡ ಕುಕ್ಷಿಯ ರಕ್ತ, ಅದರ ಸ್ನಾಯು, ಬಲ ಕುಕ್ಷಿಯ ರಕ್ತ, ಉಳಿದದ್ದು. ಗೆರೆ ಎಂದು ನಮಗೆ ಕಾಣುವುದು ಈ ಬಣ್ಣಗಳ ಗಡಿ.

ಜಾಲದ ಮೊದಲರ್ಧ ಚಿತ್ರವನ್ನು ಹಂತಹಂತವಾಗಿ ಕುಗ್ಗಿಸುತ್ತ ಹೋಗುತ್ತದೆ. ಹೀಗೆ ಕುಗ್ಗಿದಾಗ ಒಂದೊಂದು ಬಿಂದುವಿಗೂ ಚಿತ್ರದ ಹೆಚ್ಚು ಭಾಗದ ಅರಿವು ಸಿಗುತ್ತದೆ: ಇಲ್ಲಿ ಹೃದಯವಿದೆ, ಎಡಗಡೆಯದು ಬಲ ಕುಕ್ಷಿ, ಇತ್ಯಾದಿ. ಆದರೆ ಅಂಚಿನ ನಿಖರ ಜಾಗ ಕಳೆದುಹೋಗುತ್ತದೆ. ಎರಡನೆಯ ಅರ್ಧ ಮತ್ತೆ ಹಿಗ್ಗಿಸುವಾಗ, ಮೊದಲರ್ಧದ ಸೂಕ್ಷ್ಮ ವಿವರಗಳನ್ನು ಅಡ್ಡದಾರಿಯಲ್ಲಿ ನೇರವಾಗಿ ತಂದು ಸೇರಿಸಲಾಗುತ್ತದೆ. ಏನಿದೆ ಎಂಬ ಅರಿವೂ ಎಲ್ಲಿದೆ ಎಂಬ ಅರಿವೂ ಹೀಗೆ ಕೂಡಿಕೊಳ್ಳುತ್ತವೆ. ಆರಂಭದ ಗೆರೆಯನ್ನು ಯಾರೂ ಇಡಬೇಕಾಗಿಲ್ಲ.

ಮುಂದಿನ ದೊಡ್ಡ ಹೆಜ್ಜೆ ಹೊಸ ಬಗೆಯ ಜಾಲವಲ್ಲ ಎಂಬುದು ಈ ಕ್ಷೇತ್ರದ ಹೊರಗಿನವರಿಗೆ ಆಶ್ಚರ್ಯ ತರಬಹುದು. ಐಸೆನ್‌ಸೀ ಮತ್ತು ಸಂಗಡಿಗರು 2021ರಲ್ಲಿ ವಿವರವಾಗಿ ಪ್ರಕಟಿಸಿದ ಎನ್‌ಎನ್‌ಯು-ನೆಟ್ ಹೆಚ್ಚುಕಡಿಮೆ ಹಳೆಯ ಯು-ನೆಟ್ಟೇ. ಪಿಕ್ಸೆಲ್ ಅಳತೆಯನ್ನು ಒಂದೇ ಮಟ್ಟಕ್ಕೆ ತರುವುದು, ಹೊಳಪನ್ನು ಹೊಂದಿಸುವುದು, ಒಮ್ಮೆಗೆ ಎಷ್ಟು ದೊಡ್ಡ ತುಂಡು ನೋಡಬೇಕೆಂದು ತೀರ್ಮಾನಿಸುವುದು ಮುಂತಾದ ಬೇಸರದ ಕೆಲಸಗಳನ್ನು ಅದು ದತ್ತಾಂಶ ನೋಡಿ ತಾನೇ ಮಾಡಿಕೊಳ್ಳುತ್ತದೆ, ಅಷ್ಟೆ. ಅಷ್ಟರಿಂದಲೇ ಅದು ಬಹಳಷ್ಟು ‘ಹೊಸ’ ವಿನ್ಯಾಸಗಳನ್ನು ಹಿಂದಿಕ್ಕಿತು. ಹೃದಯದ ಎಂಆರ್‌ಐಗೆ ಮೂರು ಆಯಾಮದ ಜಾಲವೇ ಮೇಲು ಎಂದು ಅನಿಸಬಹುದು. ಆದರೆ ಸ್ಲೈಸ್‌ನೊಳಗೆ ಪಿಕ್ಸೆಲ್ 1.5 ಮಿ.ಮೀ., ಸ್ಲೈಸ್‌ನಿಂದ ಸ್ಲೈಸ್‌ಗೆ 10 ಮಿ.ಮೀ. ಇರುವಾಗ ಮೂರನೆಯ ಆಯಾಮದಿಂದ ಸಿಗುವ ಮಾಹಿತಿ ಕಡಿಮೆ. ಉಸಿರು ಹಿಡಿದದ್ದರಲ್ಲಿ ಹೆಚ್ಚುಕಡಿಮೆಯಾಗಿ ಸ್ಲೈಸ್‌ಗಳು ಪಕ್ಕಕ್ಕೆ ಸರಿದಿದ್ದರಂತೂ ಅದು ದಾರಿ ತಪ್ಪಿಸುತ್ತದೆ. ಎರಡು ಆಯಾಮದ ಜಾಲಗಳು ಇಲ್ಲಿ ಇನ್ನೂ ಬಲವಾಗಿ ನಿಂತಿರುವುದು ಅದಕ್ಕೇ.

ಪಿಕ್ಸೆಲ್‌ಗೆ ಹೆಸರಿಡುವ ಜಾಲಕ್ಕೆ ಹೃದಯವೆಂಬುದು ಒಂದೇ ಮುಚ್ಚಿದ ವಸ್ತು ಎಂಬ ತಿಳಿವಳಿಕೆ ಇರುವುದಿಲ್ಲ. ಹಾಗಾಗಿ ಸ್ನಾಯುವಿನ ಉಂಗುರದಲ್ಲಿ ತೂತು ಬೀಳಬಹುದು, ಹೊಟ್ಟೆಯ ಭಾಗದಲ್ಲೆಲ್ಲೋ ‘ಬಲ ಕುಕ್ಷಿ’ಯ ಒಂದು ದ್ವೀಪ ಏಳಬಹುದು. ಅತಿ ದೊಡ್ಡ ತುಂಡನ್ನು ಮಾತ್ರ ಉಳಿಸಿ ಉಳಿದದ್ದನ್ನು ಅಳಿಸುವ ಸರಳ ಉಪಾಯದಿಂದ ಇಂಥ ದ್ವೀಪಗಳು ಮಾಯವಾಗುತ್ತವೆ. ಸರಿಯಾದ ಭಾಗಕ್ಕೆ ಅಂಟಿಕೊಂಡೇ ಬರುವ ತಪ್ಪನ್ನು ಈ ಉಪಾಯ ಮುಟ್ಟುವುದಿಲ್ಲ, ಮತ್ತು ದುಬಾರಿ ತಪ್ಪುಗಳು ಅಂಥವೇ.

ಅಂಕ ಏನನ್ನು ಮುಚ್ಚಿಡುತ್ತದೆ

ಸುದ್ದಿಯಲ್ಲಿ ಬರುವ 0.95ರಂಥ ಅಂಕ ಸಾಮಾನ್ಯವಾಗಿ ಡೈಸ್ ಅಂಕ. ಎರಡು ಬಣ್ಣದ ಜಾಗಗಳು ಒಂದರ ಮೇಲೊಂದು ಬೀಳುವ ಭಾಗವನ್ನು ಇಮ್ಮಡಿ ಮಾಡಿ, ಎರಡರ ವಿಸ್ತೀರ್ಣಗಳ ಮೊತ್ತದಿಂದ ಭಾಗಿಸಿದರೆ ಅದು ಸಿಗುತ್ತದೆ. ಪೂರ್ತಿ ಹೊಂದಿದರೆ 1, ಎಲ್ಲೂ ತಾಗದಿದ್ದರೆ 0.

ಇಂಥ ವಿಧಾನಗಳನ್ನು ಹೋಲಿಸಲು 2017ರಲ್ಲಿ ನಡೆದ ಎಸಿಡಿಸಿ ಸ್ಪರ್ಧೆಯಲ್ಲಿ ಫ್ರಾನ್ಸಿನ ದಿಜೋನ್ ಆಸ್ಪತ್ರೆಯ 150 ಜನರ ಚಿತ್ರಗಳಿದ್ದವು: ಆರೋಗ್ಯವಂತರು ಮತ್ತು ನಾಲ್ಕು ಬಗೆಯ ಹೃದ್ರೋಗಿಗಳು, ಗುಂಪಿಗೆ 30 ಜನ. 100 ಜನರ ಚಿತ್ರ ಕಲಿಕೆಗೆ, 50 ಜನರದು ಪರೀಕ್ಷೆಗೆ. ಮುಂಚೂಣಿಯ ವಿಧಾನಗಳು ಹಿಗ್ಗಿದ ಎಡ ಕುಕ್ಷಿಯಲ್ಲಿ 0.96ರ ಆಸುಪಾಸು ಪಡೆದವು. ಸ್ನಾಯುವಿಗೆ ಬಂದದ್ದು 0.90ರ ಸುತ್ತಮುತ್ತ, ಕುಗ್ಗಿದ ಬಲ ಕುಕ್ಷಿಯಲ್ಲೂ ಅಂಕ ಅಷ್ಟಕ್ಕೇ ಇಳಿಯಿತು.

ಈ ಅಂಕ ಗಾತ್ರಕ್ಕೆ ತಕ್ಕಂತೆ ಕುಣಿಯುತ್ತದೆ. 25 ಮಿ.ಮೀ. ತ್ರಿಜ್ಯದ ವೃತ್ತಕ್ಕೆ ಸುತ್ತಲೂ 1 ಮಿ.ಮೀ. ಹೊರಗೆ ಗೆರೆ ಬಿದ್ದರೆ ಡೈಸ್ 0.96. ತುದಿಯ ಹತ್ತಿರದ 5 ಮಿ.ಮೀ. ತ್ರಿಜ್ಯದ ವೃತ್ತಕ್ಕೆ ಅದೇ 1 ಮಿ.ಮೀ. ತಪ್ಪಾದರೆ 0.82. ತುದಿಯಲ್ಲಿ ಅಂಕ ಕೆಟ್ಟದಾಗಿ ಕಂಡರೂ ಅಲ್ಲಿರುವ ರಕ್ತವೇ ಕಡಿಮೆ, ಇಎಫ್‌ಗೆ ಅದರಿಂದ ಆಗುವ ಹಾನಿ ಅತ್ಯಲ್ಪ.

ಮೇಲಿನ 150–60ರ ಹೃದಯವನ್ನೇ ತೆಗೆದುಕೊಂಡು ಎರಡು ಬಗೆಯ ತಪ್ಪುಗಳನ್ನು ಹೋಲಿಸೋಣ. ಮೊದಲನೆಯದು, ಎಲ್ಲ ಕಡೆ 1 ಮಿ.ಮೀ. ಹೊರಗೆ ಎಳೆದ ಗೆರೆ. ಹಿಗ್ಗಿದಾಗ ತ್ರಿಜ್ಯ 25 ಮಿ.ಮೀ. ಇದ್ದರೆ ಗಾತ್ರ ಶೇ 8ರಷ್ಟು ಏರಿ 162 ಮಿ.ಲೀ. ಆಗುತ್ತದೆ; ಕುಗ್ಗಿದಾಗ 18 ಮಿ.ಮೀ. ಇದ್ದರೆ ಶೇ 11ರಷ್ಟು ಏರಿ 67 ಮಿ.ಲೀ. ಇಎಫ್ ಶೇ 60ರಿಂದ ಸುಮಾರು 59ಕ್ಕೆ ಇಳಿಯುತ್ತದೆ. ಗೆರೆ ಹೃದಯದ ಸುತ್ತಲೂ ತಪ್ಪಿದೆ, ಗಾತ್ರ 12 ಮಿ.ಲೀ. ಜರುಗಿದೆ, ಆದರೂ ಇಎಫ್ ಬಹುಮಟ್ಟಿಗೆ ಸುರಕ್ಷಿತ. ತಪ್ಪು ಎರಡೂ ಹಂತಗಳಲ್ಲಿ ಒಂದೇ ದಿಕ್ಕಿನಲ್ಲಿ ಆದದ್ದರಿಂದ ಭಾಗಾಕಾರದಲ್ಲಿ ಪರಸ್ಪರ ಹೊಡೆದುಹೋಯಿತು.

ಬುಡದ ಒಂದು ಸ್ಲೈಸ್

ಎರಡನೆಯದು ಬುಡದ ಸ್ಲೈಸ್‌ನ ತಪ್ಪು. ಹೃದಯ ಕುಗ್ಗುವಾಗ ಮೇಲಿನ ಕೋಣೆಯಾದ ಹೃತ್ಕರ್ಣಕ್ಕೂ ಕುಕ್ಷಿಗೂ ನಡುವಿನ ಮೈಟ್ರಲ್ ಕವಾಟದ ಬಳೆ ತುದಿಯ ಕಡೆಗೆ ಒಂದು ಸೆಂ.ಮೀ.ನಷ್ಟು ಅಥವಾ ಇನ್ನೂ ತುಸು ಹೆಚ್ಚು ಇಳಿಯುತ್ತದೆ. ಸ್ಕ್ಯಾನರ್ ಮಾತ್ರ ಚಿತ್ರ ತೆಗೆಯುವುದು ದೇಹದ ಅದೇ ಜಾಗದಲ್ಲಿ. ಹಿಗ್ಗಿದ ಹಂತದಲ್ಲಿ ಬುಡದ ಸ್ಲೈಸ್‌ನಲ್ಲಿ ಕಂಡದ್ದು ಹೃತ್ಕುಕ್ಷಿ. ಕುಗ್ಗಿದ ಹಂತದಲ್ಲಿ ಅದೇ ಸ್ಲೈಸ್‌ನಲ್ಲಿ ಇರುವುದು ಮೇಲಿನ ಹೃತ್ಕರ್ಣ. ಎರಡರಲ್ಲೂ ಇರುವುದು ಬೆಳ್ಳನೆಯ ರಕ್ತವೇ, ಆಕಾರವೂ ದುಂಡಗೆ. ತಜ್ಞರು ಸುತ್ತಲಿನ ಸ್ನಾಯುವನ್ನು ನೋಡುತ್ತಾರೆ: ಸುತ್ತಳತೆಯ ಅರ್ಧದಷ್ಟಾದರೂ ಸ್ನಾಯು ಇದ್ದರೆ ಕುಕ್ಷಿ ಎಂದು ಎಣಿಸುವುದು ರೂಢಿಯ ನಿಯಮ. ಅನುಮಾನ ಬಂದರೆ ಉದ್ದುದ್ದ ಸೀಳಿದ ನೋಟವನ್ನು ತೆರೆದು ಕವಾಟ ಎಲ್ಲಿದೆ ಎಂದು ನೋಡಿಕೊಳ್ಳುತ್ತಾರೆ. ಒಂದೊಂದೇ ಸ್ಲೈಸ್ ನೋಡುವ ಜಾಲಕ್ಕೆ ಆ ಉದ್ದ ನೋಟವೇ ಇಲ್ಲ.

ಈಗ ಕುಗ್ಗಿದ ಹಂತದಲ್ಲಿ ಕಂಪ್ಯೂಟರ್ ಹೃತ್ಕರ್ಣದ ಒಂದು ಸ್ಲೈಸನ್ನು ಕುಕ್ಷಿ ಎಂದುಕೊಂಡಿತು ಎನ್ನೋಣ. 20 ಮಿ.ಮೀ. ತ್ರಿಜ್ಯ, 10 ಮಿ.ಮೀ. ಅಂತರ ಎಂದರೆ ಸುಮಾರು 12 ಮಿ.ಲೀ. ಸೇರಿಕೊಂಡಿತು. 60 ಇದ್ದದ್ದು 72 ಆಯಿತು, ಹಿಗ್ಗಿದ ಗಾತ್ರ 150ರಲ್ಲೇ ಇದೆ. ಇಎಫ್ ಶೇ 60ರಿಂದ 52ಕ್ಕೆ ಕುಸಿಯಿತು. ಉಳಿದ ಒಂಬತ್ತೂ ಸ್ಲೈಸ್‌ಗಳಲ್ಲಿ ಗೆರೆ ಕೂದಲೆಳೆಯಷ್ಟೂ ತಪ್ಪಿಲ್ಲ.

ಡೈಸ್ ಅಂಕ ಇದನ್ನು ಹೇಗೆ ಕಾಣುತ್ತದೆ? ಈ ರೋಗಿಯ ಕುಗ್ಗಿದ ಹಂತಕ್ಕೆ 0.91. ನೂರು ರೋಗಿಗಳಲ್ಲಿ ಹತ್ತು ಜನಕ್ಕೆ ಹೀಗಾಗಿ, ಉಳಿದ ತೊಂಬತ್ತು ಜನಕ್ಕೆ 0.95 ಬಂದರೆ ಸರಾಸರಿ 0.946. ವರದಿಯಲ್ಲಿ ಅದು 0.95 ಎಂದೇ ಅಚ್ಚಾಗುತ್ತದೆ. ಹತ್ತು ಜನರ ಇಎಫ್ ಎಂಟು ಅಂಶ ತಪ್ಪಿದೆ ಎಂಬುದರ ಸುಳಿವೂ ಅಲ್ಲಿರುವುದಿಲ್ಲ. ಸುತ್ತಲೂ 1 ಮಿ.ಮೀ. ತಪ್ಪಿದ ಮೊದಲ ಉದಾಹರಣೆಯ ಅಂಕವೂ ಹೆಚ್ಚೂಕಡಿಮೆ ಅಷ್ಟೇ: 0.95, 0.96. ಒಂದರಲ್ಲಿ ಇಎಫ್ ಒಂದಂಶ ಜರುಗಿತು, ಇನ್ನೊಂದರಲ್ಲಿ ಎಂಟು.

ಬಲ ಕುಕ್ಷಿಯ ಕಥೆ ಇನ್ನೂ ತೊಡಕಿನದು. ಅದರ ಗೋಡೆ ತೆಳು, ಒಳಗೆಲ್ಲ ಸ್ನಾಯುವಿನ ಎಳೆಗಳು, ಅಡ್ಡ ಸೀಳಿನಲ್ಲಿ ಆಕಾರ ಅರ್ಧಚಂದ್ರ. ಮೇಲೆ ಅದು ಶ್ವಾಸಕೋಶದ ಅಪಧಮನಿಯತ್ತ ಸಾಗುವ ಕಡೆ ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ ತಜ್ಞರಲ್ಲೇ ಒಮ್ಮತ ಕಡಿಮೆ. ಕಂಪ್ಯೂಟರ್ ಇಲ್ಲಿ ಹಿಂದೆ ಬಿದ್ದರೆ ಅಚ್ಚರಿಯಿಲ್ಲ.

ಬೇರೆ ಯಂತ್ರ, ಬೇರೆ ದೇಹ

ಸಿಟಿ ಸ್ಕ್ಯಾನ್ ಚಿತ್ರದಲ್ಲಿ ಹೊಳಪಿಗೆ ಗೊತ್ತಾದ ಅಳತೆಗೋಲಿದೆ: ನೀರು 0, ಗಾಳಿ ಮೈನಸ್ 1000. ಎಂಆರ್‌ಐಗೆ ಅಂಥ ಅಳತೆಗೋಲಿಲ್ಲ. ಒಂದು ಯಂತ್ರದಲ್ಲಿ 400 ಎಂದು ಬಂದ ರಕ್ತದ ಹೊಳಪು ಇನ್ನೊಂದರಲ್ಲಿ 1,200 ಆಗಬಹುದು. ಪ್ರತಿ ಚಿತ್ರದ ಸರಾಸರಿಯನ್ನು ಸೊನ್ನೆಗೆ ತಂದು ಹೊಂದಿಸಿಕೊಂಡರೆ ಈ ವ್ಯತ್ಯಾಸ ಬಹುಪಾಲು ಹೋಗುತ್ತದೆ. ಆದರೆ ಕಾಂತದ ಬಲ 1.5 ಟೆಸ್ಲಾದಿಂದ 3ಕ್ಕೆ ಏರಿದಾಗ ಕಾಣಿಸಿಕೊಳ್ಳುವ ಕಪ್ಪು ಪಟ್ಟಿಗಳು, ಕಂಪನಿಯಿಂದ ಕಂಪನಿಗೆ ಬೇರೆಯಾಗುವ ನುಣುಪು, ಪಿಕ್ಸೆಲ್ ಅಳತೆ ಇವೆಲ್ಲ ಉಳಿದೇ ಉಳಿಯುತ್ತವೆ.

2020ರ ಎಂ ಆಂಡ್ ಎಂಎಸ್ ಸ್ಪರ್ಧೆ ಇದನ್ನೇ ಪರೀಕ್ಷೆಗಿಟ್ಟಿತು. ಮೂರು ದೇಶಗಳ ಆರು ಆಸ್ಪತ್ರೆಗಳ 375 ಜನರ ಚಿತ್ರಗಳು, ನಾಲ್ಕು ಕಂಪನಿಗಳ ಯಂತ್ರಗಳು. ಕಲಿಕೆಯಲ್ಲಿ ಕಾಣದ ಕಂಪನಿಯ ಚಿತ್ರಗಳೂ ಪರೀಕ್ಷೆಯಲ್ಲಿದ್ದವು. ಕಾಣದ ಯಂತ್ರದಲ್ಲಿ ಅಂಕ ಇಳಿಯಿತು. ಕಲಿಕೆಯ ಚಿತ್ರಗಳನ್ನೇ ಬೇಕೆಂದು ತಿರುಗಿಸಿ, ಹಿಗ್ಗಿಸಿ, ಹೊಳಪು ಬದಲಿಸಿ, ಮಸುಕು ಮಾಡಿ ಕಲಿಸಿದ ತಂಡಗಳು ಕುಸಿತವನ್ನು ಬಹಳಷ್ಟು ತಡೆದವು. ಇವತ್ತಿಗೂ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಉಪಾಯ ಇದೇ.

ದೇಹದ ವಿಷಯಕ್ಕೆ ಬಂದರೆ, ಯುಕೆ ಬಯೋಬ್ಯಾಂಕ್‌ನ 5,903 ಜನರ ಚಿತ್ರಗಳ ಮೇಲೆ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಿಳಿಯರಿಗಿಂತ ಇತರ ಜನಾಂಗದವರಲ್ಲಿ ಕಂಪ್ಯೂಟರಿನ ನಿಖರತೆ ಕಡಿಮೆ ಎಂದು ತೋರಿಸಿತು. ಕಲಿಕೆಯ ಚಿತ್ರಗಳಲ್ಲಿ ಹೆಚ್ಚಿನವು ಬಿಳಿಯರವೇ ಆಗಿದ್ದವು. ಪ್ರಮಾಣ ಸರಿದೂಗಿಸಿದಾಗ ಅಂತರ ಕಿರಿದಾಯಿತು. ಹುಟ್ಟಿನಿಂದಲೇ ಹೃದಯದ ರಚನೆ ಬೇರೆಯಾಗಿರುವವರ ಪಾಡು ಇದಕ್ಕಿಂತ ಕಠಿಣ. ಒಂದೇ ಕುಕ್ಷಿಯಿರುವ ಹೃದಯವನ್ನು ಕೊಟ್ಟರೂ, ಎರಡು ಕುಕ್ಷಿಗಳನ್ನಷ್ಟೇ ಕಂಡು ಬೆಳೆದ ಜಾಲ ಅದರಲ್ಲಿ ಎರಡನ್ನು ಹುಡುಕಲು ಹೊರಡುತ್ತದೆ. ‘ಇದು ನನಗೆ ಗೊತ್ತಿಲ್ಲದ ಹೃದಯ’ ಎಂದು ತಾನಾಗಿ ಹೇಳುವುದಿಲ್ಲ.

ತಪ್ಪು ಹಿಡಿಯುವ ಲೆಕ್ಕಗಳು

ಎಲ್ಲ ಚಿತ್ರಗಳನ್ನೂ ಮತ್ತೆ ನೋಡುವುದಾದರೆ ಉಳಿದ ಸಮಯವೇನು ಬಂತು? ಇದಕ್ಕೆ ಶರೀರಶಾಸ್ತ್ರವೇ ಒಳ್ಳೆಯ ಉತ್ತರ ಕೊಡುತ್ತದೆ, ಅದನ್ನು ಬಳಸುವವರು ಮಾತ್ರ ಇರಬೇಕಾದಷ್ಟಿಲ್ಲ.

ಕವಾಟ ಸೋರದೆ, ಗೋಡೆಯಲ್ಲಿ ರಂಧ್ರವಿಲ್ಲದೆ ಇದ್ದರೆ ಎಡ ಮತ್ತು ಬಲ ಕುಕ್ಷಿಗಳು ಒಂದು ಬಡಿತಕ್ಕೆ ಹೊರಹಾಕುವ ರಕ್ತ ಬಹುತೇಕ ಒಂದೇ. ನಮ್ಮ ಉದಾಹರಣೆಯಲ್ಲಿ ಬುಡದ ಸ್ಲೈಸ್ ತಪ್ಪಿದಾಗ ಎಡಗಡೆಯದು 150 ಕಳೆ 72, ಅಂದರೆ 78 ಮಿ.ಲೀ.; ಬಲಗಡೆಯದು 90ರ ಹತ್ತಿರ ಇರುತ್ತದೆ. 12 ಮಿ.ಲೀ. ಅಂತರ ಕಂಡೊಡನೆ ಬುಡದ ಸ್ಲೈಸ್ ತೆರೆದು ನೋಡಬೇಕು. ಮಹಾಪಧಮನಿಯಲ್ಲಿ ರಕ್ತದ ಹರಿವನ್ನು ಅಳೆಯುವ ಎಂಆರ್‌ಐ ಚಿತ್ರ ಅದೇ ಪರೀಕ್ಷೆಯಲ್ಲಿ ತೆಗೆದಿದ್ದರೆ ಇನ್ನೂ ಒಳ್ಳೆಯದು. ಗೆರೆಗೆ ಸಂಬಂಧವೇ ಇಲ್ಲದ ಇನ್ನೊಂದು ಸಾಕ್ಷಿ ಸಿಗುತ್ತದೆ.

ಸ್ನಾಯು ಹಿಗ್ಗಿದಾಗಲೂ ಕುಗ್ಗಿದಾಗಲೂ ಅದೇ ಸ್ನಾಯು, ಅದರ ತೂಕ ಬದಲಾಗದು. ಹಿಗ್ಗಿದ ಹಂತದ ಗೆರೆಗಳಿಂದ 110 ಗ್ರಾಂ, ಕುಗ್ಗಿದ ಹಂತದ ಗೆರೆಗಳಿಂದ 135 ಗ್ರಾಂ ಬಂದರೆ ಎಲ್ಲೋ ಒಂದು ಗೆರೆ ಸುಳ್ಳು ಹೇಳುತ್ತಿದೆ. 25 ಹಂತಗಳ ಗಾತ್ರಗಳನ್ನು ಸಾಲಾಗಿ ಬಿಡಿಸಿದರೆ ನುಣುಪಾಗಿ ಇಳಿದು ಏರುವ ವಕ್ರರೇಖೆ ಬರಬೇಕು. ನಡುವೆ ಗಕ್ಕನೆ ಹಲ್ಲಿನಂತೆ ಎದ್ದ ಹಂತದಲ್ಲಿ ಒಂದು ಸ್ಲೈಸ್ ಒಳಬಂದಿದೆ ಅಥವಾ ಬಿಟ್ಟುಹೋಗಿದೆ. ಈ ಮೂರು ಲೆಕ್ಕಗಳಿಗೆ ಕಂಪ್ಯೂಟರ್‌ಗೆ ಕ್ಷಣಮಾತ್ರ ಸಾಕು. ಆಸ್ಪತ್ರೆಗಳು ತಂತ್ರಾಂಶ ಕೊಳ್ಳುವಾಗ ಡೈಸ್ ಅಂಕ ಕೇಳುವುದಕ್ಕಿಂತ ಈ ಎಚ್ಚರಿಕೆಗಳು ಅದರಲ್ಲಿ ಇವೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಯಾರು ಏನನ್ನುತ್ತಾರೆ

ತಂತ್ರಾಂಶ ರೂಪಿಸುವವರ ವಾದಕ್ಕೆ ತೂಕವಿದೆ. ಅದೇ ಚಿತ್ರವನ್ನು ನೂರು ಸಲ ಕೊಟ್ಟರೂ ಅದೇ ತಂತ್ರಾಂಶ ಅದೇ ಗೆರೆ ಎಳೆಯುತ್ತದೆ. ಮನುಷ್ಯರಿಗೆ ಇದು ಸಾಧ್ಯವಿಲ್ಲ. ಆರು ತಿಂಗಳ ಅಂತರದಲ್ಲಿ ಒಬ್ಬ ರೋಗಿಯ ಹೃದಯ ಬದಲಾಯಿತೇ ಎಂದು ನೋಡುವಾಗ ಈ ಸ್ಥಿರತೆ ಬಹಳ ಮುಖ್ಯ. ವೈದ್ಯರ ಪಕ್ಷದ ಉತ್ತರವೂ ಗಟ್ಟಿಯೇ: ತಜ್ಞರ ತಪ್ಪುಗಳು ಬಹುಪಾಲು ಚಿಕ್ಕವು, ಎಲ್ಲ ಕಡೆ ಹರಡಿದವು, ಕಂಪ್ಯೂಟರಿನವು ಅಪರೂಪವಾದರೂ ಬಂದಾಗ ದೊಡ್ಡವು, ಹೃದಯ ಅಸಹಜವಾಗಿರುವವರಲ್ಲೇ ಹೆಚ್ಚು. ನಿಖರ ಅಳತೆ ಬೇಕಾದದ್ದೂ ಅವರಿಗೇ.

ಮೂರನೆಯ ಪಕ್ಷ ಗೆರೆಯೇ ಏಕೆ ಬೇಕು ಎನ್ನುತ್ತದೆ. ಚಲನಚಿತ್ರವನ್ನೇ ನೋಡಿ ಇಎಫ್ ಹೇಳುವಂತೆ ಜಾಲಕ್ಕೆ ನೇರವಾಗಿ ಕಲಿಸಬಹುದಲ್ಲ? ಸಾಧ್ಯವಿದೆ. ಆದರೆ ಗೆರೆ ಇದ್ದರೆ ಅದು ಲೆಕ್ಕದ ನಡುವಿನ ಹೆಜ್ಜೆಯಾಗಿ ಕಣ್ಣೆದುರು ಇರುತ್ತದೆ. ತಪ್ಪಿದ್ದರೆ ತೋರಿಸಬಹುದು, ತಿದ್ದಬಹುದು. ಬರೀ ಅಂಕಿಯನ್ನು ಒಪ್ಪಬಹುದು ಅಥವಾ ಬಿಡಬಹುದು, ತಿದ್ದಲಾಗದು. ಆ ಕಾರಣಕ್ಕಾಗಿಯೇ ಗೆರೆಯನ್ನು ಕೈಬಿಡುವುದು ಅವಸರದ ಮಾತು.

2023ರಲ್ಲಿ ಮೆಟಾ ಬಿಡುಗಡೆ ಮಾಡಿದ ಸೆಗ್ಮೆಂಟ್ ಎನಿಥಿಂಗ್‌ನಂಥ, ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಚಿತ್ರಗಳಿಂದ ಕಲಿತ ದೊಡ್ಡ ಮಾದರಿಗಳನ್ನು ಈ ಚರ್ಚೆಯಲ್ಲಿ ಎಳೆದು ತರುವವರಿದ್ದಾರೆ. ಹೊಸ ಚಿತ್ರಗಳಿಗೆ ಕಲಿಕೆಯ ಗೆರೆಗಳನ್ನು ಬೇಗ ತಯಾರಿಸಲು ಅವು ಉಪಯೋಗಿ. ಬುಡದ ಸ್ಲೈಸ್‌ನ ತೊಡಕು ಮಾತ್ರ ಅವಕ್ಕೂ ಹಾಗೆಯೇ ಇದೆ. ಅಂಚು ಚೆನ್ನಾಗಿ ಹಿಡಿಯುವುದರಿಂದ ಅಂಚಿನೊಳಗಿರುವುದು ಕುಕ್ಷಿಯೋ ಕರ್ಣವೋ ಎಂದು ತಿಳಿಯುವುದಿಲ್ಲ.

ಎಕೋದಲ್ಲಿ ಸಿಕ್ಕ ಪುರಾವೆ

ಅಂಕಗಳ ವಾದ ಬಿಟ್ಟು ನೇರ ಪರೀಕ್ಷೆಗಿಳಿದ ಒಂದು ಅಧ್ಯಯನ ಇಲ್ಲಿ ಮುಖ್ಯ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 10,030 ಎಕೋ (ಹೃದಯದ ಅಲ್ಟ್ರಾಸೌಂಡ್) ವಿಡಿಯೊಗಳ ಸಂಗ್ರಹ ಬಳಸಿ ರೂಪಿಸಿದ ಎಕೋನೆಟ್-ಡೈನಮಿಕ್ 2020ರಲ್ಲಿ ಪ್ರಕಟವಾಯಿತು. ಇಎಫ್‌ನಲ್ಲಿ ಅದರ ಸರಾಸರಿ ತಪ್ಪು ಸುಮಾರು 4 ಅಂಶ. ಅದರ ಮುಂದುವರಿಕೆಯಾಗಿ 2023ರಲ್ಲಿ ಬಂದ ಪ್ರಯೋಗದಲ್ಲಿ 3,495 ಎಕೋ ಪರೀಕ್ಷೆಗಳ ಮೊದಲ ಅಳತೆಯನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವನ್ನು ಕಂಪ್ಯೂಟರ್‌ನಿಂದ, ಕೆಲವನ್ನು ಎಕೋ ತೆಗೆಯುವ ತಂತ್ರಜ್ಞರಾದ ಸೋನೋಗ್ರಾಫರ್‌ಗಳಿಂದ ಮಾಡಿಸಿದರು. ಅಂತಿಮ ವರದಿ ಬರೆಯುವ ಹೃದ್ರೋಗ ತಜ್ಞರಿಗೆ ಯಾವುದು ಯಾರದೆಂದು ಹೇಳಿರಲಿಲ್ಲ. ತಜ್ಞರು ಗಣನೀಯವಾಗಿ ಬದಲಿಸಿದ್ದು ಕಂಪ್ಯೂಟರ್‌ನ ಅಳತೆಗಳಲ್ಲಿ ಶೇ 16.8, ಸೋನೋಗ್ರಾಫರ್‌ಗಳ ಅಳತೆಗಳಲ್ಲಿ ಶೇ 27.2.

ಕಂಪ್ಯೂಟರ್ ಪರವಾದ ಬಲವಾದ ಪುರಾವೆ ಇದು. ಇದನ್ನು ಓದುವಾಗ ಎರಡು ಸಂಗತಿ ನೆನಪಿನಲ್ಲಿರಬೇಕು. ಆರರಲ್ಲಿ ಒಂದು ಅಳತೆಯನ್ನು ಇಲ್ಲೂ ಬದಲಿಸಬೇಕಾಯಿತು. ಎಕೋದಲ್ಲಿ ಗೆರೆಗೂ ಮುಂಚಿನ ತಪ್ಪೊಂದಿದೆ ಎಂಬುದು ಎರಡನೆಯದು: ಎದೆಯ ಮೇಲಿಡುವ ಪ್ರೋಬ್ ಹೃದಯದ ನಿಜವಾದ ತುದಿಯ ಮೇಲೆ ಕೂರದಿದ್ದರೆ ಕುಕ್ಷಿ ಮೊಟಕಾಗಿ ಕಾಣುತ್ತದೆ. ಮೊಟಕಾದ ಚಿತ್ರದ ಸುತ್ತ ಎಷ್ಟು ಕರಾರುವಾಕ್ಕಾಗಿ ಗೆರೆ ಎಳೆದರೂ ಗಾತ್ರ ಕಡಿಮೆಯೇ ಬರುತ್ತದೆ.

ರೇಡಿಯೇಷನ್ ಚಿಕಿತ್ಸೆಯಲ್ಲಿ ಬೇರೆ ಗೆರೆ

ಸ್ತನದ ಅಥವಾ ಎದೆಯ ಕ್ಯಾನ್ಸರಿಗೆ ವಿಕಿರಣ ಕೊಡುವ ಮುನ್ನ ಸಿಟಿಯಲ್ಲಿ ಹೃದಯದ ಸುತ್ತ ಗೆರೆ ಎಳೆಯುವುದು ಹೃದಯಕ್ಕೆ ಎಷ್ಟು ವಿಕಿರಣ ತಾಗುತ್ತದೆ ಎಂದು ಲೆಕ್ಕಹಾಕಲು. ಹೃದಯಕ್ಕೆ ತಾಗುವ ಸರಾಸರಿ ಪ್ರಮಾಣ ಒಂದು ಗ್ರೇ (ವಿಕಿರಣ ಅಳೆಯುವ ಮಾನ) ಏರಿದರೆ ಮುಂದೆ ಗಂಭೀರ ಪರಿಧಮನಿ ಕಾಯಿಲೆಯ ಸಂಭವ ಶೇ 7.4ರಷ್ಟು ಏರುತ್ತದೆ ಎಂದು ಸ್ತನ ಕ್ಯಾನ್ಸರ್ ರೋಗಿಗಳ ಮೇಲಿನ 2013ರ ಅಧ್ಯಯನ ತೋರಿಸಿತ್ತು. ಇಲ್ಲಿ ಇಡೀ ಹೃದಯದ ಸರಾಸರಿ ಬೇಕಾದ್ದರಿಂದ ಅಂಚಿನಲ್ಲಿ ಒಂದೆರಡು ಮಿ.ಮೀ. ಆಚೀಚೆಯಾದರೆ ಸಾಮಾನ್ಯವಾಗಿ ಅಂಕಿ ಹೆಚ್ಚು ಬದಲಾಗದು. ದೇಹದ 104 ರಚನೆಗಳನ್ನು ಗುರುತಿಸುವ, 2023ರಲ್ಲಿ ಪ್ರಕಟವಾದ ಟೋಟಲ್‌ಸೆಗ್ಮೆಂಟೇಟರ್‌ನಂಥ ಉಚಿತ ತಂತ್ರಾಂಶದ ಗೆರೆಯೂ ಒಳ್ಳೆಯ ಆರಂಭವಾಗುತ್ತದೆ.

ಆದರೆ ಹೃದಯದ ಮುಂಭಾಗದಲ್ಲಿ ಇಳಿಯುವ ಎಡ ಪರಿಧಮನಿಗೆ ಪ್ರತ್ಯೇಕವಾಗಿ ತಾಗುವ ವಿಕಿರಣವನ್ನು ಅಳೆಯಬೇಕಾದಾಗ ಈ ಸಡಿಲ ನಡೆಯದು. ಆ ನಾಳ ಮೂರು ನಾಲ್ಕು ಮಿ.ಮೀ. ಅಗಲದ್ದು, ಕಾಂಟ್ರಾಸ್ಟ್ ಔಷಧವಿಲ್ಲದ ಸಿಟಿಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ, ಬಡಿತಕ್ಕೊಮ್ಮೆ ಅಲುಗುತ್ತದೆ. ವಿಕಿರಣದ ಪ್ರಮಾಣ ತಟಕ್ಕನೆ ಬೀಳುವ ಅಂಚು ಅದರ ಪಕ್ಕದಲ್ಲೇ ಹಾದುಹೋಗಬಹುದು. ಎರಡು ಮಿ.ಮೀ. ತಪ್ಪು ಇಲ್ಲಿ ನಾಳವನ್ನೇ ತಪ್ಪಿಸಿಕೊಂಡಂತೆ.

ಮುಂದೆ ಏನಾಗಬಹುದು

20 ನಿಮಿಷದ ಕೆಲಸ ಪರಿಶೀಲನೆಯೂ ಸೇರಿ ನಾಲ್ಕೈದು ನಿಮಿಷಕ್ಕೆ ಇಳಿಯುವುದು ಹೆಚ್ಚಿನ ಸಹಜ ಹೃದಯಗಳಿಗೆ ಸಾಧ್ಯ. ಎರಡೇ ಹಂತಗಳ ಬದಲು ಎಲ್ಲ 25 ಹಂತಗಳಲ್ಲೂ ಗೆರೆ ಸಿಗುವುದರಿಂದ, ಹೃದಯ ಎಷ್ಟು ವೇಗದಲ್ಲಿ ತುಂಬಿಕೊಳ್ಳುತ್ತದೆ ಎಂಬಂಥ, ಕೈಕೆಲಸದಲ್ಲಿ ಯಾರೂ ಅಳೆಯದಿದ್ದ ವಿವರಗಳೂ ವರದಿಗೆ ಬರಲಿವೆ.

ಜೊತೆಗೆ ಹೊಸ ಅಪಾಯವೂ ಬರುತ್ತದೆ. ಖಾಲಿ ಚಿತ್ರದ ಮೇಲೆ ಗೆರೆ ಎಳೆಯುವವರು ಅಂಚನ್ನು ಹುಡುಕುತ್ತಾರೆ. ಎಳೆದಿಟ್ಟ ಗೆರೆಯನ್ನು ನೋಡುವವರು ಒಪ್ಪಿಗೆಗೆ ಕಾರಣ ಹುಡುಕುತ್ತಾರೆ. ದಿನಕ್ಕೆ ಮೂವತ್ತು ಪರೀಕ್ಷೆ ನೋಡುವವರಲ್ಲಿ ಇದು ಇನ್ನೂ ಹೆಚ್ಚು. ತರಬೇತಿಯಲ್ಲಿರುವ ಕಿರಿಯ ವೈದ್ಯರು ತಾವೇ ಗೆರೆ ಎಳೆಯದೆ ಬೆಳೆದರೆ ಬುಡದ ಸ್ಲೈಸ್‌ನ ತಪ್ಪನ್ನು ಗುರುತಿಸುವ ಕಣ್ಣು ಎಲ್ಲಿಂದ ಬರಬೇಕು? ಮೊದಲ ಐವತ್ತು ನೂರು ಪರೀಕ್ಷೆಗಳನ್ನಾದರೂ ಕೈಯಿಂದ ಮಾಡಿಸುವುದೇ ಸದ್ಯಕ್ಕಿರುವ ದಾರಿ.

ರೋಗಿಗೆ ನೇರವಾಗಿ ತಟ್ಟುವುದು ತಂತ್ರಾಂಶ ಬದಲಾದಾಗ. ಚಿಕಿತ್ಸೆ ಆರಂಭದಲ್ಲಿ ಪ್ಯಾಪಿಲರಿ ಸ್ನಾಯುಗಳನ್ನು ರಕ್ತದಿಂದ ಕಳೆಯುವ ತಂತ್ರಾಂಶದಲ್ಲಿ ಅಳೆದು, ಆರು ತಿಂಗಳ ಮೇಲೆ ಸೇರಿಸಿಕೊಳ್ಳುವ ತಂತ್ರಾಂಶದಲ್ಲಿ ಅಳೆದರೆ ಹೃದಯ ಬದಲಾಗದಿದ್ದರೂ ಇಎಫ್ ಇಳಿದಂತೆ ಕಾಣುತ್ತದೆ. ಅದೇ ತಂತ್ರಾಂಶದ ಹೊಸ ಆವೃತ್ತಿಯೂ ಇದನ್ನೇ ಮಾಡಬಹುದು. ಹಾಗಾಗಿ ವರದಿಯಲ್ಲಿ ಇಎಫ್ ಜೊತೆಗೆ ತಂತ್ರಾಂಶದ ಹೆಸರು, ಆವೃತ್ತಿ, ಪ್ಯಾಪಿಲರಿ ಸ್ನಾಯುಗಳನ್ನು ಎಲ್ಲಿ ಸೇರಿಸಲಾಗಿದೆ, ಯಾವ ಸ್ಲೈಸ್‌ಗಳ ಗೆರೆಯನ್ನು ಕೈಯಿಂದ ತಿದ್ದಲಾಗಿದೆ ಎಂಬ ವಿವರ ಇರಬೇಕು. ಹಿಂದಿನ ಸ್ಕ್ಯಾನ್‌ನೊಂದಿಗೆ ಹೋಲಿಸುವಾಗ ಹಳೆಯ ವರದಿಯ ಅಂಕಿಯನ್ನು ಹಾಗೆಯೇ ಎತ್ತಿಕೊಳ್ಳದೆ, ಹಳೆಯ ಚಿತ್ರಗಳನ್ನೇ ಈಗಿನ ಆವೃತ್ತಿಗೆ ಮತ್ತೊಮ್ಮೆ ಕೊಟ್ಟು ಅಳೆಯಬೇಕು. ಅದಕ್ಕೆ ಹಿಡಿಯುವುದು ಕೆಲವು ನಿಮಿಷ. ಹಳೆಯ ಚಿತ್ರಗಳನ್ನು ಡೈಕಾಮ್ ಎಂಬ ಮೂಲ ಸ್ಕ್ಯಾನ್ ಕಡತದ ರೂಪದಲ್ಲಿ ಉಳಿಸಿಟ್ಟಿರಬೇಕು ಅಷ್ಟೆ.